ವೀಳ್ಯಕ್ಕೆ ಮೊದಲು ಕೈ ಹಾಕಿದವಳು

ಆ ಊರಿಗೆ ಹೋಗುವ ದಾರಿ ನನಗೆ ಬಾಯಿಪಾಠ. ಬಂದರಿನಲ್ಲಿ ಇಳಿದರೆ ಸಂತೆಪೇಟೆಯವರೆಗೆ ಬಸ್ಸು. ಪೇಟೆಯಿಂದ ಮುಂದೆ ಬಸ್ಸಿಲ್ಲ, ನಡೆಯಬೇಕು. ಮೊದಲು ಒಂದು ಹಳ್ಳ ಸಿಗುತ್ತದೆ, ಮೊಣಕಾಲುದ್ದ ನೀರು. ಆಮೇಲೆ ಬಿದಿರಿನ ತೂಗುಸೇತುವೆ. ಅದರ ನಡುವೆ ಬಲಗಡೆ ಕಾಲಿಡಬಾರದು, ಬಿದಿರು ಕೊಳೆತಿದೆ. ದಾಟಿದ ಮೇಲೆ ಏರುದಾರಿ, ಎರಡೂ ಕಡೆ ದಾಲ್ಚಿನ್ನಿ ಮರಗಳು. ಗುಡ್ಡದ ಬುಡದಲ್ಲಿ ಮೂರು ಗದ್ದೆ, ಒಂದರ ಕೆಳಗೊಂದು, ಮೆಟ್ಟಿಲ ಹಾಗೆ. ಗದ್ದೆಯ ಅಂಚಿಗೆ ಕಂಬಗಳ ಮೇಲೆ ನಿಂತ ಮರದ ಮನೆ. ಅದರ ಮಾಡಿನ ಎರಡು ತುದಿಯೂ ಎಮ್ಮೆಕೊಂಬಿನ ಹಾಗೆ ಮೇಲಕ್ಕೆದ್ದಿವೆ. ಏಣಿ ಹತ್ತಿ ಒಳಗೆ ಹೋದರೆ ಉದ್ದದ ಚಾವಡಿ, ಅದರ ಹಿಂದೆ ನಾಲ್ಕು ಕೋಣೆ. ಮೂಡಣದ ಕೊನೆಯ ಕೋಣೆ ನನ್ನದು.

ನಾನು ಅಲ್ಲಿಗೆ ಹೋಗಿಲ್ಲ. ಇನ್ನು ಹೋಗುವುದೂ ಇಲ್ಲ. ಆ ಊರಿರುವುದು ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಬೆಟ್ಟಗಳ ನಡುವೆ. ನಾನು ಅದನ್ನು ಕಲಿತದ್ದು ನ್ಯೂಜೆರ್ಸಿಯ ಓಲ್ಡ್ ಬ್ರಿಡ್ಜ್‌ನಲ್ಲಿ, ಮಕ್ಕಳ ಸ್ಕೂಲ್ ಬಸ್ಸಿಗೆ ಕಾಯುವ ಕಂಬದ ಕೆಳಗೆ ನಿಂತು.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಮೈಸೂರು ಕಡೆಯ ಡಾಕ್ಟರೊಬ್ಬರು ಮಂಗಳೂರಿನಲ್ಲಿ ಓದುವಾಗ ಅವರು ಊಟಕ್ಕೆ ಬರುತ್ತಿದ್ದ ಮನೆಯಲ್ಲಿ ನಾನು ಅಡುಗೆಗಿದ್ದೆ. ಅವರು ಅಮೆರಿಕಕ್ಕೆ ಬಂದು, ಎರಡು ಮಕ್ಕಳಾಗಿ, ಹೆಂಡತಿಯೂ ಕೆಲಸಕ್ಕೆ ಹೊರಟಾಗ ಅವರಿಗೆ ನನ್ನ ನೆನಪಾಯಿತು. ನನಗೂ ಊರಿನಲ್ಲಿ ಹಿಡಿದಿಟ್ಟುಕೊಳ್ಳುವಂಥದ್ದು ಏನೂ ಉಳಿದಿರಲಿಲ್ಲ. ಗಂಡ ಸತ್ತಿದ್ದ, ಮಕ್ಕಳಾಗಿರಲಿಲ್ಲ, ತಾಯಿಮನೆ ಪಾಲಾಗಿ ಹೋಗಿತ್ತು. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ವಿಮಾನ ಹತ್ತಿದೆ. ಧೈರ್ಯ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎಲ್ಲಿ ಹೋದರೂ ಅನ್ನ ಬೇಯಿಸುವುದೇ ತಾನೆ ಎಂದುಕೊಂಡೆ.

ಅವಳು ಸಿಕ್ಕಿದ್ದು ಗೋಣಿಸೊಪ್ಪಿನ ದೆಸೆಯಿಂದ. ಬೇಸಗೆಯಲ್ಲಿ ಕಂಬದ ಬುಡದ ಸಿಮೆಂಟಿನ ಬಿರುಕಿನಲ್ಲಿ ಗೋಣಿಸೊಪ್ಪು ಎದ್ದಿತ್ತು. ಇಲ್ಲಿಯವರು ಅದರ ಮೇಲೆ ಔಷಧಿ ಹೊಡೆದು ಸಾಯಿಸುತ್ತಾರೆ. ಅಷ್ಟರೊಳಗೆ ಒಂದು ಹುಳಿಗಾದರೂ ಆಗಲಿ ಎಂದು ಬಗ್ಗಿದೆ. ಎದುರಿನಿಂದ ಇನ್ನೊಂದು ಕೈ ಅದೇ ಗಿಡಕ್ಕೆ ಬಂತು. ತಲೆ ಎತ್ತಿದರೆ ಗಿಡ್ಡ ಹೆಂಗಸು, ತಲೆಗೆ ಬಟ್ಟೆ ಸುತ್ತಿದ್ದಾಳೆ, ಅಮೆರಿಕದ ಕೋಟಿನ ಕೆಳಗೆ ಹೂವಿನ ಲುಂಗಿ. ಇಬ್ಬರೂ ಗಿಡ ಬಿಡಲಿಲ್ಲ. ಆಮೇಲೆ ಅವಳು ನಕ್ಕು ಅರ್ಧ ಮುರಿದು ಕೊಟ್ಟಳು.

ಅವಳೂ ನನ್ನ ಹಾಗೆಯೇ. ಸುಮಾತ್ರಾದಲ್ಲಿ ಎಣ್ಣೆ ತೆಗೆಯುವ ಕೆಲಸಕ್ಕೆ ಹೋಗಿದ್ದ ಅಮೆರಿಕನ್ ಇಂಜಿನಿಯರನ ಮನೆಯಲ್ಲಿ ಅಡುಗೆ ಮಾಡಿ, ಮಕ್ಕಳನ್ನು ನೋಡಿಕೊಂಡಿದ್ದಳು. ಅವರು ವಾಪಸು ಬರುವಾಗ ಕರೆತಂದಿದ್ದರು. ನಮ್ಮ ಬೀದಿಯ ಹಿಂದಿನ ಬೀದಿಯಲ್ಲೇ ಮನೆ. ನಾವಿಬ್ಬರೂ ಆಡುತ್ತಿದ್ದುದನ್ನು ಇಂಗ್ಲಿಷ್ ಎಂದರೆ ಇಂಗ್ಲಿಷಿನವರಿಗೆ ಸಿಟ್ಟು ಬಂದೀತು. ಆದರೆ ನಮಗೆ ಸಾಕಾಗುತ್ತಿತ್ತು. ಅವಳಿಗಿಂತ ನಾನು ನಾಲ್ಕೈದು ವರ್ಷ ದೊಡ್ಡವಳು ಎಂದು ಗೊತ್ತಾದ ದಿನದಿಂದ ನನ್ನನ್ನು ‘ಉನಿ’ ಎಂದು ಕರೆಯತೊಡಗಿದಳು. ಅವರ ಭಾಷೆಯಲ್ಲಿ ಅಕ್ಕ ಎಂದು ಅರ್ಥ. ನಾನು ಅವಳನ್ನು ಮಾರಾಯ್ತಿ ಎನ್ನುತ್ತಿದ್ದೆ. ಅದೇ ನನ್ನ ಹೆಸರಿರಬೇಕು ಎಂದು ಅವಳ ಮನೆಯ ಮಕ್ಕಳು ನನ್ನನ್ನೇ ‘ಮಿಸಸ್ ಮಾರಾಯ್ತಿ’ ಎನ್ನುತ್ತಿದ್ದರು.

ಒಮ್ಮೆ ಬೀದಿಯ ಮೂಲೆಮನೆಯ ಮುದುಕಿ ಸತ್ತಳು. ತಿಂಗಳಾಗಲಿಲ್ಲ, ಹುಲ್ಲಿನ ಮೇಲೆ ಬೋರ್ಡು ನೆಟ್ಟರು. ಏನು ಬರೆದಿದೆ ಎಂದು ಕೇಳಿದಾಗ ಡಾಕ್ಟರ ಮಗಳು ಓದಿದಳು. “ಫಾರ್ ಸೇಲ್, ಆಂಟಿ.”

“ಸತ್ತವಳಿಗೆ ಮಗಳಿಲ್ವಾ?” ಎಂದು ಪಕ್ಕದಲ್ಲಿ ನಿಂತಿದ್ದ ನನ್ನ ಸುಮಾತ್ರಾದವಳು ಕೇಳಿದಳು.

“ಇದ್ದಾಳೆ. ಮಾರುವುದೇ ಅವಳು.”

“ಅವಳೇನಾ? ಮತ್ತೆ ಅವಳ ಮಗಳಿಗೆ ಎಂತ ಕೊಡ್ತಾಳೆ?”

“ನಿಮ್ಮಲ್ಲಿ ಮನೆ ಮಗಳಿಗಾ?”

“ಮತ್ತೆ ಯಾರಿಗೆ? ಗಂಡಸರಿಗಾ?” ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಗಂಡ ಅಂದ್ರೆ ಕತ್ತಲಾದ ಮೇಲೆ ಬರುವವನು, ಬೆಳಗಾದ್ರೆ ತನ್ನ ಅಮ್ಮನ ಮನೆ ಗದ್ದೆಗೆ ಹೋಗುವವನು. ನೆಂಟ. ನೆಂಟನಿಗೆ ಯಾರಾದ್ರೂ ಮನೆ ಕೊಡ್ತಾರಾ ಉನಿ?”

ನಮ್ಮ ಕಡೆ ಇರುವುದೂ ಅಳಿಯಕಟ್ಟು. ಮನೆ, ಗದ್ದೆ ಎಲ್ಲ ತಾಯಿಯಿಂದ ಮಗಳಿಗೆ. ತಾಯಿಯ ಅಣ್ಣನೋ ತಮ್ಮನೋ ಯಜಮಾನನಾಗಿ ನೋಡಿಕೊಳ್ಳಬೇಕು, ತನ್ನ ಹೆಂಡತಿ ಮಕ್ಕಳಿಗೆ ಕೊಡುವ ಹಾಗಿಲ್ಲ. ಇಂಥದ್ದು ತುಳುನಾಡು ಬಿಟ್ಟರೆ ಮಲೆಯಾಳದ ಕಡೆ ಸ್ವಲ್ಪ ಇದೆ ಎಂದು ಗೊತ್ತಿತ್ತು. ಭೂಮಿಯ ಆ ತುದಿಯಲ್ಲಿ, ಬೇರೆ ದೇವರನ್ನು ನಂಬುವವರ ಊರಿನಲ್ಲಿ ಇದೆ ಎಂದು ಯಾರಿಗೆ ಗೊತ್ತು? ಅವರಲ್ಲೂ ಹೆಂಗಸಿನ ಆಸ್ತಿಗೆ ಗಂಡಸು ಯಜಮಾನ, ತಾಯಿಯ ತಮ್ಮನೇ. ಅವರು ಅವನಿಗೆ ‘ಮಾಮಕ್’ ಎನ್ನುತ್ತಾರೆ. ನಾವು ಮಾವ ಎನ್ನುತ್ತೇವೆ.

ಆ ದಿನ ಡಾಕ್ಟರ ಹೆಂಡತಿಗೆ ಇದನ್ನು ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟರು. “ಅಂದ್ರೆ ಗಂಡಸರಿಗೆ ಏನೂ ಇಲ್ವೇನಮ್ಮಾ? ನಮ್ಮ ಯಜಮಾನ್ರ ಮುಂದೆ ಇದೆಲ್ಲ ಹೇಳ್ಬೇಡ. ಹಾರ್ಟ್ ಸ್ಪೆಷಲಿಸ್ಟ್‌ಗೇ ಹಾರ್ಟ್ ಅಟ್ಯಾಕ್ ಆಗೋಗುತ್ತೆ.”

ಅವಳ ಮನೆಯ ಸಂಗತಿ ಹೀಗಿತ್ತು. ಅಮ್ಮ ಸತ್ತಿದ್ದಳು, ಅಕ್ಕನೂ ಸತ್ತಿದ್ದಳು. ಅಕ್ಕನಿಗೊಬ್ಬಳು ಮಗಳು, ಸಣ್ಣ ಹುಡುಗಿ. ಇವಳಿಗೆ ಮಕ್ಕಳಿಲ್ಲ. ಮನೆಯಲ್ಲಿ ಪ್ರಾಯಕ್ಕೆ ಬಂದ ಹೆಂಗಸು ಎಂದರೆ ಇವಳೊಬ್ಬಳೇ. ಮಾಡು ಸೋರುತ್ತಿತ್ತು. ಅದನ್ನು ಸರಿಮಾಡಿಸುವಷ್ಟು ದುಡಿದು ವಾಪಸು ಹೋಗಬೇಕು, ಹುಡುಗಿ ದೊಡ್ಡವಳಾಗುವವರೆಗೆ ಮನೆ ಕಾಯಬೇಕು, ಆಮೇಲೆ ಅವಳ ಕೈಗೆ ಕೊಡಬೇಕು. ಅವಳು ಅಮೆರಿಕಕ್ಕೆ ಬಂದದ್ದು ಇಷ್ಟಕ್ಕೇ. ಇಲ್ಲಿ ಬೇರೆ ಯಾವುದಕ್ಕೂ ಅವಳು ಆಸೆಪಟ್ಟದ್ದನ್ನು ನಾನು ನೋಡಲಿಲ್ಲ, ಮೆಣಸಿನಕಾಯಿ ಒಂದು ಬಿಟ್ಟು.

ಎರಡನೆಯ ಚಳಿಗಾಲದಲ್ಲಿ ಅವಳು ಕೇಳಿದಳು, “ನೀನು ಮುದುಕಿ ಆದ್ಮೇಲೆ ಎಲ್ಲಿಗೆ ಹೋಗ್ತಿ?”

“ಎಲ್ಲಿಗೆ ಹೋಗುವುದು? ಡಾಕ್ಟ್ರ ಬೇಸ್‌ಮೆಂಟ್ ಉಂಟಲ್ಲ.”

“ನೆಲದ ಕೆಳಗೆ ಹೆಣ ಇರುವುದು. ನನ್ನ ಜೊತೆ ಬಾ. ನಾಲ್ಕು ಕೋಣೆ ಉಂಟು. ಮೂಡಣದ್ದು ನಿನಗೆ, ಬಿಸಿಲು ಬೇಗ ಬೀಳ್ತದೆ.”

“ನನ್ನ ದೇವರ ದೀಪ?”

“ಒಲೆ ಹತ್ತಿರ ಇಡು. ಯಾರಾದ್ರೂ ಕೇಳಿದ್ರೆ ಕರೆಂಟಿಲ್ಲ ಅದಕ್ಕೆ ಅಂತೇನೆ.”

ಮೊದಮೊದಲು ತಮಾಷೆಗೆ ಆಡಿದೆವು. ವರ್ಷಗಳು ಹೋದ ಹಾಗೆ ತಮಾಷೆ ಹೋಗಿ ಮಾತು ಉಳಿಯಿತು. ಹಿಮ ಬೀಳುತ್ತಿರುವಾಗ ಕಂಬದ ಕೆಳಗೆ ನಿಂತು ನಾವು ಯಾವ ಗದ್ದೆಗೆ ಯಾವಾಗ ನೀರು ಬಿಡುವುದು ಎಂದು ಜಗಳವಾಡುತ್ತಿದ್ದೆವು. ಕೆಳಗಿನ ಗದ್ದೆಯಲ್ಲಿ ಎರಡನೆಯ ಬೆಳೆ ಆಗುತ್ತದೆ ಎಂದು ನನ್ನ ವಾದ. ನೀನು ನೋಡಿದ್ದೀಯಾ ಎಂದು ಅವಳು. ನೋಡದಿದ್ದರೂ ಗದ್ದೆ ಗದ್ದೆಯೇ ಎಂದು ನಾನು. ಬದಿಯಲ್ಲಿ ನಾಲ್ಕು ಬಸಳೆ ಚಪ್ಪರ ಹಾಕುವುದು ಎಂದು ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ.

ಆಗೆಲ್ಲ ಡಾಕ್ಟರಿಗೆ ಜಾಗ ನೋಡುವ ಹುಚ್ಚು. ಭಾನುವಾರ ಬಂತೆಂದರೆ ಸ್ಟೇಷನ್ ವ್ಯಾಗನ್ನಿನಲ್ಲಿ ಹೆಂಡತಿ ಮಕ್ಕಳನ್ನು ತುಂಬಿಕೊಂಡು ಡ್ರೈವ್ ಮಾಡುತ್ತಿದ್ದರು. ಮಕ್ಕಳನ್ನು ಹಿಡಿಯಲು ನಾನು. ಒಮ್ಮೆ ಅವಳನ್ನೂ ಹತ್ತಿಸಿಕೊಂಡೆ. ಕ್ರ್ಯಾನ್‌ಬರಿಯಲ್ಲಿ ಕಣ್ಣು ಹಾಯುವಷ್ಟು ದೂರ ಆಲೂಗಡ್ಡೆ ಹೊಲ. ಡಾಕ್ಟರು ಕೈ ಬೀಸಿ, “ಇಲ್ಲೆಲ್ಲ ಹೈವೇ ಪಕ್ಕ ನೋಡಿ, ಈಗ ಒಂದೆರಡು ಎಕರೆ ತಗೊಂಡಿಟ್ರೆ ಮುಂದೆ ಚಿನ್ನ ಆಗುತ್ತೆ. ಇಟ್ಸ್ ಆಲ್ ಲೊಕೇಶನ್” ಎಂದರು. ಅವಳು ಇಳಿದು ಮಣ್ಣು ಎತ್ತಿ ಮೂಸಿದಳು. “ಇಷ್ಟು ಒಳ್ಳೆ ಮಣ್ಣು. ಮಾರುವವರಿಗೆ ತಲೆ ಸರಿ ಇಲ್ವಾ?”

ಡಾಕ್ಟರು ನಕ್ಕು ಅವಳ ಊರಿನ ವಿಷಯ ಕೇಳಿದರು. ಅಲ್ಲಿಗೂ ರಸ್ತೆ ಬರುತ್ತದಂತೆ, ಅಳೆಯುವವರು ಬಂದು ಗೂಟ ಹೊಡೆದು ಹೋದರಂತೆ ಎಂದು ಅವಳು ಹೇಳಿದಳು. ಚಕ್ಕೆಗೆ ಬೇಡಿಕೆ ಬಂದಿದೆ, ಬಂದರಿನ ವ್ಯಾಪಾರಿಗಳು ಗುಡ್ಡಗಳನ್ನೇ ಕೇಳಿಕೊಂಡು ಬರುತ್ತಿದ್ದಾರೆ ಎಂದಳು.

“ಮತ್ತೇನು! ರೋಡ್ ಬಂದ್ರೆ ನಿಮ್ಮ ಲ್ಯಾಂಡಿಗೆ ಒಳ್ಳೆ ಪ್ರೈಸ್ ಬರುತ್ತೆ, ಯು ಆರ್ ಲಕ್ಕಿ” ಎಂದರು ಡಾಕ್ಟರು.

ನಾನು ಅದನ್ನು ಅವಳಿಗೆ ನಮ್ಮಿಬ್ಬರ ಹರಕು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ಅವಳು ಕೈ ಒರೆಸಿಕೊಂಡು, “ರಸ್ತೆ ಬಂದ್ರೆ ಕಳ್ಳರಿಗೆ ನಡೆಯುವ ಕಷ್ಟ ತಪ್ಪಿತು” ಎಂದಳು.

ಪೆಟ್ರೋಲಿಗೆ ಜನ ಕಾರಿನ ಸಾಲು ಹಚ್ಚಿ ನಿಂತ ಚಳಿಗಾಲ ಅದು. ಒಂದು ಭಾನುವಾರ ಮಧ್ಯಾಹ್ನ ಅವಳು ಡಾಕ್ಟರ ಮನೆ ಹಿಂಬಾಗಿಲಿಗೆ ಓಡಿಬಂದಳು. ಊರಿನಿಂದ ಜನ ಬಂದಿದ್ದಾರೆ, ಮಾಮಕ್‌ನ ಮಗ, ಹಡಗಿನಲ್ಲಿ ಕೆಲಸ, ಹಡಗು ನ್ಯೂವಾರ್ಕಿಗೆ ಬಂದಿದೆ, ಬಾ ಉನಿ ಬಾ, ಎಂದಳು. ಐದು ವರ್ಷದ ಮೇಲೆ ಊರಿನ ಮುಖ. ನಾನು ಸೀರೆ ಬದಲಿಸಿ ಹೋದೆ.

ಮಾವನ ಮಗ ಎಂದಾಗಲೇ ನನ್ನ ಕಿವಿ ನೆಟ್ಟಗಾಗಬೇಕಿತ್ತು. ಅಳಿಯಕಟ್ಟಿನಲ್ಲಿ ಹುಟ್ಟಿದ ಯಾರನ್ನು ಬೇಕಾದರೂ ಕೇಳಿ. ಅಕ್ಕತಂಗಿಯರ ಗದ್ದೆಯನ್ನು ಯಜಮಾನ ಹೇಗೆ ತನ್ನ ಮಕ್ಕಳ ಕಡೆ ಸರಿಸುತ್ತಾನೆ ಎನ್ನುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನಮ್ಮ ತಾಯಿಮನೆ ಪಾಲಾದದ್ದೇ ಹಾಗೆ. ನನ್ನ ಮಾವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವ ಮೊದಲು ಅಮ್ಮನ ಕೈಗೆ ವೀಳ್ಯ ಕೊಟ್ಟಿದ್ದ. ಅಮ್ಮ ತೆಗೆದುಕೊಂಡಿದ್ದಳು. ವೀಳ್ಯ ತೆಗೆದುಕೊಂಡ ಮೇಲೆ ಬೇಡ ಎನ್ನುವ ಬಾಯಿ ನಮ್ಮ ಊರಿನಲ್ಲಿ ಯಾರಿಗೂ ಇಲ್ಲ. ನಾನು ಚಾವಡಿಯ ಕಂಬದ ಹಿಂದೆ ನಿಂತು ನೋಡಿದ್ದೆ. ಇಷ್ಟೆಲ್ಲ ಗೊತ್ತಿದ್ದವಳು ನಾನು.

ಅವಳ ಇಂಜಿನಿಯರನ ಮನೆಯವರು ಯಾರೋ ನೆಂಟರಲ್ಲಿಗೆ ಹೋಗಿದ್ದರು. ಅಡುಗೆಮನೆಯಲ್ಲಿ ಅವನು ಕುರ್ಚಿ ಬಿಟ್ಟು ನೆಲದ ಮೇಲೆ ಕಾಲು ಮಡಚಿ ಕುಳಿತಿದ್ದ. ನಲವತ್ತರ ಗಂಡಸು, ಕರಿ ಟೋಪಿ, ಅಳತೆಗಿಂತ ದೊಡ್ಡ ಕೋಟು. ಅವಳು ನನ್ನ ತೋಳು ಹಿಡಿದು ಅವರ ಭಾಷೆಯಲ್ಲಿ ಏನೋ ಹೇಳಿದಳು. ಅದರಲ್ಲಿ ‘ಉನಿ’ ಎನ್ನುವುದು ಮಾತ್ರ ನನಗೆ ತಿಳಿಯಿತು. ಅವನು ನನಗೆ ಎದೆ ಮುಟ್ಟಿ ನಮಸ್ಕಾರ ಮಾಡಿದ. ಬಹಳ ವಿನಯ. ನಾವಿಬ್ಬರೂ ಎದುರಿಗೆ ಕುಳಿತೆವು.

ಅವನು ಕೋಟಿನ ಒಳಗಿನಿಂದ ಜರಿಯ ಸಂಚಿಯೊಂದನ್ನು ತೆಗೆದು, ಬಾಯಿ ಬಿಚ್ಚಿ, ಎರಡೂ ಕೈಯಿಂದ ನಮ್ಮ ಮುಂದೆ ಸರಿಸಿದ. ಎಲೆ. ಅಡಿಕೆ. ಸುಣ್ಣದ ಸಣ್ಣ ಕರಡಿಗೆ. ಕಾಚು. ಎಲೆ ಒಣಗಿ ಹೊಗೆಸೊಪ್ಪಿನ ಬಣ್ಣಕ್ಕೆ ಬಂದಿತ್ತು. ಆದರೂ ಆ ವಾಸನೆ! ಊರು ಬಿಟ್ಟಂದಿನಿಂದ ನನ್ನ ಬಾಯಿ ಕೆಂಪಾಗಿರಲಿಲ್ಲ. ಡಾಕ್ಟರು ಒಮ್ಮೆ ನ್ಯೂಯಾರ್ಕಿನಿಂದ ಸಿಹಿ ಸುಪಾರಿ ಪೊಟ್ಟಣ ತಂದಿದ್ದರು. ಅದು ಮಕ್ಕಳು ತಿನ್ನುವಂಥದ್ದು. ನನ್ನ ಕೈ ಹೋಯಿತು. ಯಾರನ್ನೂ ಕೇಳಲಿಲ್ಲ. ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಚಿ ಬಾಯಿಗೆ ಹಾಕಿಕೊಂಡೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ದೊಡ್ಡವಳು ತೆಗೆದುಕೊಂಡ ಮೇಲೆ ಚಿಕ್ಕವಳಿಗೆ ಎಂತ ತಡೆ? ಅವಳ ಕೈಯೂ ಹೋಯಿತು. ಇಬ್ಬರೂ ಜಗಿಯುತ್ತ, ಹುಡುಗಿಯರ ಹಾಗೆ ಮುಖ ಮುಖ ನೋಡಿಕೊಂಡು ನಕ್ಕೆವು.

ಅವನು ನಗಲಿಲ್ಲ. ನಾವು ಚೆನ್ನಾಗಿ ಜಗಿಯುವವರೆಗೆ ಕಾದ. ಆಮೇಲೆ ಮಾತು ತೆಗೆದ.

ಅವನು ಅರ್ಧ ಹೇಳುವಷ್ಟರಲ್ಲಿ ಅವಳ ಜಗಿತ ನಿಂತಿತು. ನನ್ನ ಕಡೆ ತಿರುಗಿ ಒಂದೊಂದೇ ಮಾತು ಹೇಳಿದಳು. ಮಾವ ಕೇಳಿ ಕಳಿಸಿದ್ದಾನೆ. ದಾಲ್ಚಿನ್ನಿ ಗುಡ್ಡ ಮತ್ತು ಮೇಲಿನ ಎರಡು ಗದ್ದೆ ಬಂದರಿನ ವ್ಯಾಪಾರಿಗೆ ಅಡವು. ಮನೆಯ ಹೆಂಗಸಿನ ಒಪ್ಪಿಗೆ ಬೇಕು. ಒಪ್ಪಿಗೆ ಕೇಳುವ ವೀಳ್ಯ ಇದು.

“ಅಡವು ಅಂದ್ರೆ ಬಿಡಿಸಿಕೊಳ್ಳಬಹುದಲ್ಲ?”

“ನಮ್ಮ ಊರಲ್ಲಿ ಗುಡ್ಡ ಅಡವು ಹೋದದ್ದುಂಟು. ವಾಪಸು ಬಂದದ್ದು ನಾನು ನೋಡ್ಲಿಲ್ಲ.”

“ಬೇಡ ಅಂತ ಹೇಳು ಮತ್ತೆ!”

ಅವಳು ಹೇಳಿದಳು. ಎದ್ದು ನಿಂತು ಹೇಳಿದಳು. ಅವನು ತಲೆ ತಗ್ಗಿಸಿಯೇ ಕೇಳಿದ. ಆಮೇಲೆ ಸಂಚಿಯ ಕಡೆ ನೋಡಿದ, ನಮ್ಮಿಬ್ಬರ ಬಾಯಿಯ ಕಡೆ ನೋಡಿದ. ಮೆತ್ತಗೆ ಏನೋ ಅಂದ.

“ಎಂತ ಅಂತೆ?”

“ತಾನು ಬರೀ ದೂತ ಅಂತೆ. ಕಂಡದ್ದನ್ನು ಹೇಳ್ತಾನಂತೆ. ಸಂಚಿಯಲ್ಲಿ ಎಂತ ಮಾತುಂಟು ಅಂತ ಮೊದಲು ಕೇಳಿ, ಆಮೇಲೆ ತೆಗೆದುಕೊಳ್ಳಬೇಕು. ನಾವು ಕೇಳ್ಲಿಲ್ಲ. ಮನೆಯ ದೊಡ್ಡವಳು ತೆಗೆದುಕೊಂಡಳು, ಚಿಕ್ಕವಳೂ ತೆಗೆದುಕೊಂಡಳು.”

ನಾನು ಸಿಂಕಿಗೆ ಓಡಿ ಉಗಿದೆ. ಬಿಳಿ ಸಿಂಕು ಕೆಂಪಾಯಿತು. ಉಗಿದರೆ ವಾಪಸಾಗುತ್ತದೆಯೇ? ತಿರುಗಿ ನಿಂತು ಅವನಿಗೆ ನಮ್ಮ ಭಾಷೆಯಲ್ಲೇ ಬೈದೆ. “ನಿನ್ನ ಮನೆ ಹಾಳಾಗ! ಐದು ವರ್ಷ ಎಲೆ ಕಾಣದವರ ಮುಂದೆ ಎಲೆ ಹಿಡಿದು ಬಂದಿಯಾ? ನಿನ್ನ ಅಪ್ಪನಿಗೆ ಮಾರಿ ಹಿಡಿಯ!” ಅವನಿಗೆ ಮಾತು ತಿಳಿಯದಿದ್ದರೂ ಅರ್ಥ ತಿಳಿಯಿತು. ಸಂಚಿಯನ್ನು ಹಾಗೇ ಬಿಟ್ಟು, ಎದೆ ಮುಟ್ಟಿಕೊಂಡು, ಬಸ್ಸಿಗೆ ಹೋದ.

ಅವಳ ಯಜಮಾನತಿ ಬರುವ ಮೊದಲು ಸಿಂಕು ಬೆಳ್ಳಗಾಗಬೇಕಿತ್ತು. ಪುಡಿ ಹಾಕಿ ನಾವಿಬ್ಬರೂ ಉಜ್ಜಿದೆವು. ನನಗೆ ಅವಳು ಬೈಯಲಿಲ್ಲ. ಉಜ್ಜುತ್ತ ಉಜ್ಜುತ್ತ ಇಷ್ಟೇ ಕೇಳಿದಳು, “ಉನಿ, ಅಷ್ಟು ಆಸೆಯಾಗಿತ್ತಾ?”

ಬೈದಿದ್ದರೆ ನಾನು ಇಷ್ಟು ವರ್ಷ ಅದನ್ನು ಹೊತ್ತುಕೊಂಡು ತಿರುಗುತ್ತಿರಲಿಲ್ಲ.

ಆಮೇಲೆ ಕಂಬದ ಕೆಳಗೆ ಗದ್ದೆಯ ಮಾತು ನಿಂತುಹೋಯಿತು. ಅವಳು ಬರುತ್ತಿದ್ದಳು, ಮಕ್ಕಳ ಕೋಟಿನ ಗುಂಡಿ ಹಾಕುತ್ತಿದ್ದಳು, ಹೋಗುತ್ತಿದ್ದಳು. ನಾನು ಒಂದು ದಿನ ಬಾಯಿತಪ್ಪಿ ಬಸಳೆಯ ಮಾತೆತ್ತಿದೆ. ಅವಳು ಕೇಳದವಳ ಹಾಗೆ ಬಸ್ಸಿನ ದಾರಿ ನೋಡಿದಳು.

ಹಿಮ ಕರಗುವ ಹೊತ್ತಿಗೆ ಅವಳಿಗೊಂದು ಕಾಗದ ಬಂತು. ಅವಳ ಊರಿನ ಶಾಲೆಯ ಮೇಷ್ಟರು ಅವಳ ಅಕ್ಕನ ಮಗಳು ಹೇಳಿದ್ದನ್ನು ಬರೆದಿದ್ದರು. ಅಮೆರಿಕದಲ್ಲಿ ವೀಳ್ಯ ತೆಗೆದುಕೊಂಡಾಯಿತು ಎಂದು ಮಾವ ಊರಿಗೆಲ್ಲ ಹೇಳಿದ್ದಾನೆ. ಕೊಯ್ಲಾದ ಮೇಲೆ ಊರಿನ ಹಿರಿಯರು ಕುಳಿತು ಅಡವನ್ನು ಗಟ್ಟಿ ಮಾಡುತ್ತಾರೆ. ಚಿಕ್ಕಮ್ಮ ಬರುತ್ತಾಳಾ ಎಂದು ಹುಡುಗಿ ಕೇಳಿದ್ದಳು.

ಅದಾದ ಮೇಲೆ ಎರಡು ದಿನ ಅವಳು ಏನನ್ನೋ ಹೇಳಲು ಬಂದು ಹೇಳದೆ ಹೋದಳು. ಮೂರನೆಯ ದಿನ ನನಗೆ ತಡೆಯಲಾಗಲಿಲ್ಲ.

“ಬಾಯಲ್ಲಿ ಎಂತ ಇಟ್ಟುಕೊಂಡಿದ್ದಿ ಮಾರಾಯ್ತಿ? ಉಗಿ.”

“ಒಂದು ದಾರಿ ಉಂಟು ಉನಿ. ಮನೆಯವರಲ್ಲದವರು ಸಂಚಿಗೆ ಮೊದಲು ಕೈ ಹಾಕಿದ್ರೆ ಆ ವೀಳ್ಯ ಕೆಟ್ಟ ಹಾಗೆ. ಕೊಟ್ಟವನದ್ದೇ ತಪ್ಪು, ಹೊರಗಿನವರ ಮುಂದೆ ಯಾಕೆ ಬಿಚ್ಚಿದ ಅಂತ. ಮತ್ತೆ ಹೊಸದಾಗಿ ಕೇಳ್ಬೇಕು. ಕೇಳಿದ್ರೆ ನಾನು ಬೇಡ ಅಂತೇನೆ.”

“ಮತ್ತೆ ಇನ್ನೆಂತ! ನಾನು ಮೊದಲು ಕೈ ಹಾಕಿದ್ದು ಅವನೇ ನೋಡಿದ್ದಾನಲ್ಲ.”

“ಅವನು ನೋಡಿದ್ದು ನನ್ನ ಅಕ್ಕನನ್ನು.” ಅವಳು ಕಂಬಕ್ಕೆ ಒರಗಿದಳು. “ನಾನೇ ಹಾಗೆ ಹೇಳಿದ್ದು. ಮನೆಗೆ ಸೇರಿಸಿಕೊಂಡ ಅಕ್ಕ, ಮೂಡಣದ ಕೋಣೆ ಅವಳದ್ದು ಅಂತ. ಈಗ ನಾನು ಹೋಗಿ ಹಿರಿಯರ ಮುಂದೆ ಅದು ಸುಳ್ಳು ಅನ್ಬೇಕು. ಅವಳು ನನಗೆ ಯಾರೂ ಅಲ್ಲ, ಹಿಂದಿನ ಬೀದಿಯ ಅಡುಗೆಯವಳು ಅನ್ಬೇಕು. ಕುರಾನ್ ಮೇಲೆ ಕೈ ಇಟ್ಟು.”

ಬಸ್ಸು ಬಂತು. ಮಕ್ಕಳು ಇಳಿದರು. ನಮ್ಮ ಹುಡುಗಿಗೆ ಒಂದು ಕೈಗವಸು ಕಳೆದುಹೋಗಿತ್ತು, ಅದಕ್ಕೆ ಗದರಿದೆ. ಆಮೇಲೆ ಕೇಳಿದೆ, “ಹೇಳಿದ ಮೇಲೆ ನಾನು ಅಲ್ಲಿಗೆ ಬಂದ್ರೆ?”

“ಬಂದ್ರೆ ಮಾವ ತೋರಿಸ್ತಾನೆ, ನೋಡಿ ಅಕ್ಕ ಬಂದಳು, ಇವಳ ಆಣೆ ಸುಳ್ಳು ಅಂತ. ಇವತ್ತು ಬಂದ್ರೂ ಹಾಗೇ. ಹತ್ತು ವರ್ಷ ಬಿಟ್ಟು ಬಂದ್ರೂ ಹಾಗೇ.”

“ಹಾಗಾದ್ರೆ ಹೇಳು. ಎಂತಕ್ಕೆ ಯೋಚನೆ? ನಿನ್ನ ಅಮ್ಮ ನನ್ನನ್ನು ಹೆತ್ತಿದ್ದಾಳಾ?”

“ಇಲ್ಲ.”

“ನನ್ನ ಅಮ್ಮ ನಿನ್ನನ್ನು?”

“ಇಲ್ಲ.”

“ಮತ್ತೆ ಸುಳ್ಳು ಎಲ್ಲಿಂದ ಬಂತು?”

“ನಾನು ಸುಳ್ಳು ಅಂತ ಹೇಳ್ಲಿಲ್ಲ ಉನಿ. ಕಷ್ಟ ಅಂತ ಹೇಳಿದೆ.”

ನನ್ನ ಕೈಯಿಂದ ಒಂದು ಬರಹ ಬೇಕೆಂದು ಅವಳು ಕೇಳಿದಳು. ನನಗೆ ಬರುವುದು ಕನ್ನಡ ಮಾತ್ರ, ಅದೂ ದಪ್ಪಕ್ಷರ. ನಿಮ್ಮ ಊರಲ್ಲಿ ಯಾರು ಓದುತ್ತಾರೆ ಎಂದೆ. “ಓದುವುದು ಬೇಡ. ಅಕ್ಷರ ನೋಡಿದ್ರೆ ಸಾಕು. ನೀನು ಬೇರೆಯವಳು ಅಂತ ಅಕ್ಷರವೇ ಹೇಳ್ತದೆ” ಎಂದಳು. ಬುದ್ಧಿವಂತೆ.

ಡಾಕ್ಟರ ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದುಕೊಂಡು ಅಡುಗೆಮನೆಯ ಮೇಜಿನ ಮುಂದೆ ಕುಳಿತೆ. ಅನ್ನ ಇಳಿಸಿ ಕುಳಿತವಳು, ಸಾರು ಕುದಿದು ಉಕ್ಕಿದರೂ ಬರೆದು ಮುಗಿಸಿರಲಿಲ್ಲ. ಏನು ಬರೆದರೂ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಬೇರೆ ಏನಾದರೂ ಬರೆಯೋಣವೇ ಎಂದು ಒಮ್ಮೆ ಅನ್ನಿಸಿತು. ಆದರೆ ಸುಳ್ಳು ಬರೆಯುವಷ್ಟು ಓದು ನನಗಿಲ್ಲ. ಬರೆದದ್ದು ಇಷ್ಟು: ‘ನಾನು ಆ ಮನೆಯವಳಲ್ಲ. ನನ್ನ ತಾಯಿ ಬೇರೆ, ಊರು ಬೇರೆ, ದೇವರು ಬೇರೆ. ವೀಳ್ಯ ನನಗೆ ಬಂದದ್ದಲ್ಲ. ಆಸೆಗೆ ತಿಂದೆ. ಇವಳು ನನಗೆ ಏನೂ ಅಲ್ಲ.’ ಕೆಳಗೆ ಹೆಸರು ಹಾಕಿದೆ. ಸಾಲದು ಎಂದು ಹೆಬ್ಬೆಟ್ಟನ್ನೂ ಒತ್ತಿದೆ. ಶಾಯಿ ಇರಲಿಲ್ಲ, ಕುಂಕುಮ ಕಲಸಿದೆ.

ಡಾಕ್ಟರ ಹೆಂಡತಿ ಬಗ್ಗಿ ಓದಿದರು. “ಇದೇನಮ್ಮಾ ಇದು? ಯಾಕೆ ಹೀಗೆ ಬರೆದಿದ್ದೀಯ?”

“ಆಸ್ತಿ ವಿಷಯ” ಎಂದೆ. ಅವರು ಮತ್ತೆ ಕೇಳಲಿಲ್ಲ.

ಟಿಕೆಟ್ಟು ತೆಗೆದದ್ದು ಒಂದೇ. ಇಬ್ಬರು ಹೋಗಲಿ ಎಂದು ಅವಳು ಕೂಡಿಟ್ಟಿದ್ದಳು, ಉಳಿದದ್ದು ಸೋರುವ ಮಾಡಿನ ರಿಪೇರಿಗಾಯಿತು. ಹೊರಡುವ ದಿನ ಬೆಳಗ್ಗೆ ಅವಳ ಮನೆಯ ಇಂಜಿನಿಯರ ಕಾರನ್ನು ಕಂಬದ ಹತ್ತಿರ ನಿಲ್ಲಿಸಿದ. ಅವಳು ಇಳಿದು ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ನನ್ನ ಹಾಳೆ ಮಡಚಿ ಇಟ್ಟದ್ದು ಕಾಣುತ್ತಿತ್ತು.

“ಗೆದ್ದರೆ ಅಮ್ಮನ ಗುಡ್ಡದ ಚಕ್ಕೆ ಕಳಿಸ್ತೇನೆ. ಸೋತರೆ ಎಂತದೂ ಬರುವುದಿಲ್ಲ. ಕಾಯಬೇಡ” ಎಂದಳು.

“ಸೇತುವೆ ಮೇಲೆ ಬಲಗಡೆ ಕಾಲಿಡಬೇಡ” ಎಂದೆ.

ಅವಳು ಕಾರಿನ ಬಾಗಿಲು ಹಿಡಿದು ನಿಂತಳು. ಬಾಯಿ ತೆರೆದು ಮುಚ್ಚಿದಳು. ಆಮೇಲೆ, “ಗುಡ್ ಬೈ, ಮಿಸಸ್” ಎಂದಳು.

ನನಗೆ ತಿಳಿಯಿತು. ‘ಉನಿ’ ಎನ್ನುವ ಆ ಇನ್ನೊಂದು ಮಾತನ್ನು ನಾಲಿಗೆಯಿಂದ ಬಿಡಿಸಿಕೊಳ್ಳುವುದಕ್ಕೆ ಅವಳಿಗಿದ್ದದ್ದು ಒಂದು ವಿಮಾನದ ದಾರಿ ಮಾತ್ರ. ಹಿರಿಯರ ಮುಂದೆ ಅದು ಜಾರಿ ಬಂದುಬಿಟ್ಟರೆ ಗುಡ್ಡವೂ ಹೋಯಿತು, ಗದ್ದೆಯೂ ಹೋಯಿತು. ಅದಕ್ಕೇ ಇಲ್ಲಿಂದಲೇ ಶುರುಮಾಡಿದ್ದಳು. ಸರಿಯಾಗಿಯೇ ಮಾಡಿದಳು. ನಾನೂ “ಗುಡ್ ಬೈ” ಎಂದೆ. ಕಾರು ಹೋದ ಮೇಲೆ ಬಸ್ಸು ಬಂತು, ಮಕ್ಕಳನ್ನು ಹತ್ತಿಸಿದೆ.

ಕಾಯಬೇಡ ಎಂದರೆ ಕಾಯದೆ ಇರುವುದಕ್ಕಾಗುತ್ತದೆಯೇ? ಆ ಬೇಸಗೆ ಗೋಣಿಸೊಪ್ಪು ಎದ್ದಿತು. ಒಬ್ಬಳೇ ಕಿತ್ತೆ. ಚಳಿಗಾಲ ಬಂತು. ಇನ್ನೊಂದು ಬೇಸಗೆ ಬಂತು. ಸೋತಳು ಎಂದು ತೀರ್ಮಾನ ಮಾಡಿದ್ದೆ. ನನ್ನ ಒಂದು ಎಲೆಯ ಆಸೆಗೆ ಒಂದು ಹುಡುಗಿಯ ಮನೆ ಹೋಯಿತು ಎಂದು ದಿನಾ ಪಾತ್ರೆ ತೊಳೆಯುವಾಗ ನೆನೆಯುತ್ತಿದ್ದೆ. ನಮ್ಮ ಮನೆಯ ಸಿಂಕೂ ಬಿಳಿಯದೇ.

ಮರಗಳ ಎಲೆ ಉದುರುವ ಕಾಲಕ್ಕೆ ಒಂದು ಪೊಟ್ಟಣ ಬಂತು. ಬಟ್ಟೆ ಹೊಲಿದು ಕಟ್ಟಿದ್ದು. ಮೇಲೆ ಡಾಕ್ಟರ ವಿಳಾಸ, ಯಾರೋ ಕಲಿತವರ ಕೈಯಲ್ಲಿ ಬರೆಸಿದ್ದು. ಕಳಿಸಿದವರ ಹೆಸರಿಲ್ಲ, ಒಳಗೆ ಕಾಗದವಿಲ್ಲ. ಚಕ್ಕೆ ಮಾತ್ರ, ನನ್ನ ಮೊಣಕೈಯುದ್ದದ ಸುರುಳಿಗಳು, ಕೆಂಪಗೆ, ಈಗ ತಾನೆ ಸುಲಿದ ಹಾಗೆ. ಬಾಗಿಲಲ್ಲೇ ನಿಂತು ಮೂಸಿದೆ. ಮನೆಯೆಲ್ಲ ವಾಸನೆ ಹಿಡಿಯಿತು.

“ಅಬ್ಬಾ, ಎಂಥ ಫ್ರೆಶ್ ಚಕ್ಕೆ! ಎಲ್ಲಿ ಸಿಕ್ತಮ್ಮಾ?” ಎಂದರು ಡಾಕ್ಟರ ಹೆಂಡತಿ. “ಸ್ಯಾಟರ್‌ಡೇ ಹತ್ತು ಜನ ಬರ್ತಾರೆ, ಪಲಾವಿಗೆ ಹಾಕು.”

ಹಾಕಿದೆ. ಚಕ್ಕೆ ಇರುವುದೇ ಅದಕ್ಕೆ, ಕಟ್ಟಿಟ್ಟು ಪೂಜೆ ಮಾಡುವುದಕ್ಕಲ್ಲ. ಬಂದವರಲ್ಲಿ ಧಾರವಾಡದ ಇಂಜಿನಿಯರೊಬ್ಬರು, “ಏನ್ರೀ ಇದು, ಭಾಳ ಜೋರದ ಚಕ್ಕಿ” ಎಂದು ಎರಡನೆಯ ಸಲ ಹಾಕಿಸಿಕೊಂಡರು. ಮೂರು ವರ್ಷ ಬಂತು ಅದು, ಅಷ್ಟು ಕಳಿಸಿದ್ದಳು.

ಆಗ ಅವಳ ಅಕ್ಕನ ಮಗಳಿಗೆ ಹದಿನೈದೋ ಹದಿನಾರೋ ಆಗಿರಬೇಕು. ಈಗ ಅವಳಿಗೇ ಹೆಣ್ಣುಮಕ್ಕಳಾಗಿ, ಮೂಡಣದ ಕೋಣೆಯಲ್ಲಿ ಅವರು ಮಲಗುತ್ತಿರಬಹುದು. ಬಿಸಿಲು ಬೇಗ ಬೀಳುವ ಕೋಣೆ, ಖಾಲಿ ಬಿಡುವುದು ತಪ್ಪು.

ಚಕ್ಕೆ ತಲುಪಿತು ಎಂದು ಒಂದು ಸಾಲು ಬರೆದು ಹಾಕಮ್ಮಾ, ಅಡ್ರೆಸ್ ನಾನು ಬರೀತೀನಿ ಎಂದು ಡಾಕ್ಟರ ಹೆಂಡತಿ ಎರಡು ಸಲ ಹೇಳಿದರು. ಬರೆಯಲಿಲ್ಲ. ನನ್ನ ಅಕ್ಷರ ಆ ಊರಿನವರು ನೋಡಿದ್ದಾರೆ.